ಒಂದಕ್ಷರದ ಜಾಗ

ಅಕ್ಕ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಊರಿನ ತೊಟ್ಟಿ ನೀರು ಸರಿಯಾಗಿದೆಯಂತಲ್ಲೋ, ನಿಮ್ಮ ಪೇಪರಲ್ಲೇ ಬಂದಿದೆ. ನೀನು ಓದಿರ್ತೀಯಲ್ಲ?” ಅವನು “ಹ್ಞೂಂ” ಎಂದ. “ಹಾಗಾದ್ರೆ ಸರಿ. ಪಾಪುಗೆ ಹಾಲಿನ ಪುಡಿ ಕಲಸೋಕೆ ಅಂತ ಒಂದು ವಾರದಿಂದ ನೀರು ಕುದಿಸೋದು, ಆರಿಸೋದು, ಇದೇ ಆಗಿತ್ತು. ಇವತ್ತಿಂದ ಆ ಕಾಟ ತಪ್ಪಿತು,” ಎಂದು ಅವಳು ಫೋನ್ ಇಟ್ಟಳು. ತನ್ನ ‘ಹ್ಞೂಂ’ ಎರಡನೆಯ ಪ್ರಶ್ನೆಗೆ ಮಾತ್ರ ಸಂಬಂಧಿಸಿದ್ದು ಎಂದು ಹಲ್ಲುಜ್ಜುವಾಗ ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಓದಿರುತ್ತೀಯಲ್ಲ ಎಂದಳು, ಓದಿದ್ದೆ, ಹ್ಞೂಂ ಅಂದೆ. ನೀರಿನದು ಪ್ರಶ್ನೆಯೇ ಅಲ್ಲ, ಅವಳೇ ಹೇಳಿಕೊಂಡ ಮಾತು. ಇಪ್ಪತ್ತಾರು ವರ್ಷ ಪತ್ರಿಕೆಯ ಕರಡು ತಿದ್ದಿದವನಿಗೆ ಒಂದು ವಾಕ್ಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯದೇ? ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯಲ್ಲಿ ನೋಡಿದರೆ ವಾದದಲ್ಲಿ ಗೆದ್ದವನ ಮುಖ ಅದಾಗಿರಲಿಲ್ಲ. ಪಾಪು ಅಕ್ಕನ ಮೊಮ್ಮಗ, ಏಳು ತಿಂಗಳ ಕೂಸು. ಮಗಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಕೂಸಿಗೆ ಅಕ್ಕನೇ ಅಮ್ಮ. ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಿದ.

ಮನೆಯಲ್ಲಿ ಅವನೊಬ್ಬನೇ. ಮೇಜಿನ ಮೇಲೆ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ತಾನೇ ತಿದ್ದಿದ್ದನ್ನು ಬೆಳಿಗ್ಗೆ ಮತ್ತೆ ಓದುವ ಚಾಳಿ ಅವನಿಗೆ ಮೊದಲಿನಿಂದ ಇತ್ತು, ಹೆತ್ತವರು ಮಕ್ಕಳ ತಲೆ ಎಣಿಸಿಕೊಂಡಂತೆ. ಇವತ್ತು ಕೈ ಬರಲಿಲ್ಲ. ಆದರೂ ಬಿಚ್ಚಿದ. ಮೂರನೆಯ ಪುಟ, ಮೇಲ್ಗಡೆ ಎಡಕ್ಕೆ: ತೊಟ್ಟಿ ನೀರು ಕುಡಿಯಲು ಯೋಗ್ಯ: ಪ್ರಯೋಗಾಲಯದ ವರದಿ. ‘ಕುಡಿಯಲು’ ಮತ್ತು ‘ಯೋಗ್ಯ’ ಇವೆರಡರ ನಡುವೆ ಒಂದಕ್ಷರ ಹಿಡಿಸುವಷ್ಟು ಜಾಗ ಖಾಲಿ ಬಿಟ್ಟಿತ್ತು. ಅವನು ಪುಟವನ್ನು ಕಣ್ಣ ಹತ್ತಿರ ತಂದ. ತಪ್ಪು ಸುದ್ದಿ ಹೋಯಿತೆಂದಲ್ಲ, ಅದು ಗೊತ್ತಿದ್ದದ್ದೇ. ಸಂದು ಬಿಟ್ಟೆನಲ್ಲ, ಎರಡು ಪದಗಳ ನಡುವೆ ಇಷ್ಟಗಲದ ಸಂದು, ಅದೂ ತಲೆಬರಹದಲ್ಲಿ, ಎಂದು. ಮೊದಲು ನಾಚಿಕೆಯಾದದ್ದು ಅದಕ್ಕೆ. ಆಮೇಲೆ, ತನಗೆ ಮೊದಲು ನಾಚಿಕೆಯಾದದ್ದು ಅದಕ್ಕಲ್ಲವೇ ಎಂದು ಇನ್ನೊಂದು ನಾಚಿಕೆ ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಅವನು ತಣ್ಣಗಾದ ಚಹಾ ಕುಡಿದ.

ನಿನ್ನೆ ಸಂಜೆ ಸಂಪಾದಕರು ಬಂದು ಅವನ ಕುರ್ಚಿಯ ಹಿಂದೆ ನಿಂತಿದ್ದರು. ಬೆನ್ನುನೋವಿನ ಮನುಷ್ಯ, ಎಲ್ಲರನ್ನೂ ನೀವು ಎನ್ನುವವರು, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಅವನ ಮೇಲೆ ದನಿ ಎತ್ತಿದವರಲ್ಲ. “ಸುದ್ದಿ ತಡೀರಿ ಅಂತ ಯಾರೂ ಹೇಳಿಲ್ಲ. ತಡೆದ್ರೆ ನಾಳೆ ಅದೇ ದೊಡ್ಡ ಸುದ್ದಿ ಆಗುತ್ತೆ ಅಂತ ಮೇಲಿನವರಿಗೂ ಗೊತ್ತು. ಒಂದಕ್ಷರದ ವಿಷಯ ಅಷ್ಟೇ. ಚುನಾವಣೆ ಎದುರಿಗಿದೆ. ಮುಗೀಲಿ, ಆಮೇಲೆ ವಾಪಸ್ ಹಾಕೋಣ,” ಎಂದರು. ಅಕ್ಷರವನ್ನು ವಾಪಸ್ ಹಾಕುವುದು, ಎರವಲು ತಂದ ಪಾತ್ರೆ ತಿರುಗಿಸಿದ ಹಾಗೆ. ಅವನಿಗೆ ನಗು ಬರಬೇಕಿತ್ತು. ಬದಲಿಗೆ ಅವನು, “ಒಳಗೆ ಎರಡು ಕಡೆ ಇದೆ ಸರ್, ಅದನ್ನೂ ತೆಗೀಬೇಕಾಗುತ್ತೆ,” ಎಂದ. ಯಾರೂ ಕೇಳದೆ ಎಂದ. ಹೆಡ್ಡಿಂಗಿನಲ್ಲಿ ಒಂದು, ಒಳಗೆ ಎರಡು, ಒಟ್ಟು ಮೂರು ‘ಅ’. ಸಂಪಾದಕರು ಅವನ ಹೆಗಲು ತಟ್ಟಿ, “ನಿಮ್ಮ ಕಣ್ಣು,” ಎಂದು ಮೆಚ್ಚಿ ಹೋದರು. ಒಳಗಿನ ಎರಡನ್ನೂ ಅವನು ಅಚ್ಚುಕಟ್ಟಾಗಿ ಅಳಿಸಿದ್ದ, ಸಂದಿಲ್ಲದೆ, ಗುರುತಿಲ್ಲದೆ. ಹೆಡ್ಡಿಂಗಿನ ಅಕ್ಷರವನ್ನು ಆಯ್ದುಕೊಂಡು ಅಳಿಸುವ ಗುಂಡಿಯ ಬದಲು ಹೆಬ್ಬೆರಳಿನಿಂದ ಕೆಳಗಿನ ಉದ್ದನೆಯ ಗುಂಡಿ ಒತ್ತಿರಬೇಕು. ಅಕ್ಷರ ಹೋಯಿತು, ಜಾಗ ಉಳಿಯಿತು. ಯಾಕೆ ಒತ್ತಿದೆ? ನೆನಪಿಲ್ಲ. ಅಯೋಗ್ಯ ಎಂಬ ಪದವನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ. ಕೇಳಿದ್ದೇ ಹೆಚ್ಚು. ಅಪ್ಪ, ಅವನು ಲೆಕ್ಕ ತಪ್ಪಿದಾಗ ಅಯೋಗ್ಯ, ಚಪ್ಪಲಿ ಕಳೆದುಕೊಂಡು ಬಂದಾಗ ಅಯೋಗ್ಯ, ನೆಂಟರ ಮುಂದೆ ಹಾಡೆಂದರೆ ಬಾಯಿಬಿಡದೆ ನಿಂತಾಗ ಅಯೋಗ್ಯ ಎನ್ನುತ್ತಿದ್ದ. ನೀರಿನಿಂದ ಕಿತ್ತ ಅಕ್ಷರ ಎಲ್ಲಿಗೆ ಹೋಗಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂಬತ್ತೂವರೆಗೆ ಅಕ್ಕನಿಗೆ ಫೋನ್ ಮಾಡಿದ. ಅವಳು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಳು. ನೀರು ಕುದಿಸಿಯೇ ಕೊಡು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಹೇಳಬೇಕಾಗುತ್ತದೆ. ಹೇಳಿದರೆ ಬೆಳಿಗ್ಗೆ ಹ್ಞೂಂ ಅಂದದ್ದು ಯಾಕೆ ಎನ್ನುತ್ತಾಳೆ. ಫೋನ್ ಸಿಗದಿದ್ದಕ್ಕೆ ಸಮಾಧಾನವಾಯಿತು. ಆ ಸಮಾಧಾನವನ್ನು ಅವನು ಗಮನಿಸಿದ. ಗಮನಿಸಿದ್ದರಿಂದ ಅದೇನೂ ಕಡಿಮೆಯಾಗಲಿಲ್ಲ. ಮೆಸೇಜು ಕಳಿಸಿದ: ನೀರು ಕುದಿಸಿಯೇ ಕೊಡುವುದು ಒಳ್ಳೆಯದು. ‘ಒಳ್ಳೆಯದು’ ಎಂಬ ಪದವನ್ನು ನೋಡುತ್ತ ಕೂತ. ಕನ್ನಡಕ ಹಾಕಿಕೊಳ್ಳದೆ ಅವಳು ಮೆಸೇಜು ಓದುವುದಿಲ್ಲ, ಪಾಪು ಕಿತ್ತೆಸೆಯುತ್ತಾನೆಂದು ಪೇಪರ್ ಓದುವಾಗ ಬಿಟ್ಟರೆ ಹಗಲು ಕನ್ನಡಕ ಹಾಕುವುದಿಲ್ಲ. ಇದೂ ಅವನಿಗೆ ಗೊತ್ತಿದ್ದದ್ದೇ.

ಕಚೇರಿಯಲ್ಲಿ ಅವನನ್ನು ಅಲ್ಪಪ್ರಾಣ ಎಂದು ಕರೆಯುತ್ತಾರೆ, ಎದುರಿಗಲ್ಲ, ಆದರೆ ಕೇಳಿಸುವ ಹಾಗೆ. ಯಾವುದೋ ಕಾಲದಲ್ಲಿ ‘ಶುದ್ಧ’ಕ್ಕೆ ಮಹಾಪ್ರಾಣ ಬಿಟ್ಟು ‘ಶುದ್ದ’ ಎಂದು ಬರೆದ ಉಪಸಂಪಾದಕನೊಬ್ಬನ ಜೊತೆ ಇಡೀ ಮಧ್ಯಾಹ್ನ ಜಗಳವಾಡಿದ್ದರಿಂದ ಬಂದ ಹೆಸರು ಅದು. ‘ಶುದ್ಧವೇ ಅಶುದ್ಧವಾದರೆ ಉಳಿದದ್ದರ ಗತಿಯೇನು’ ಎಂದು ಆವತ್ತು ಕೂಗಿದ್ದನಂತೆ. ಆಮೇಲೆ ಹೆಸರಿನ ಅರ್ಥ ನಿಧಾನಕ್ಕೆ ತಿರುಗಿತು. ಸಣ್ಣ ಜೀವ, ಹೆದರುಪುಕ್ಕಲ, ಮಹಾಪ್ರಾಣಕ್ಕಾಗಿ ಜಗಳ, ಉಳಿದದ್ದಕ್ಕೆಲ್ಲ ಹ್ಞೂಂ. ಹನ್ನೊಂದೂವರೆಗೆ ಅವನು ಮೆಟ್ಟಿಲು ಹತ್ತಿ ಬಂದಾಗ ವರದಿಗಾರ್ತಿ ಕೆಲಸ ಬಿಟ್ಟು ತನ್ನ ಮೇಜು ಖಾಲಿ ಮಾಡುತ್ತಿದ್ದಳು. ನೀರಿನ ಸುದ್ದಿ ಬರೆದವಳು ಅವಳೇ. ಹದಿನೈದು ದಿನ ಪ್ರಯೋಗಾಲಯದ ಬಾಗಿಲು ಕಾದು ವರದಿಯ ನಕಲು ತಂದಿದ್ದಳು. ಪೆನ್ನಿನ ಡಬ್ಬ, ಬೆನ್ನು ಹರಿದ ನಿಘಂಟು, ಒಂದು ಜೊತೆ ಚಪ್ಪಲಿ, ಎಲ್ಲ ಬಟ್ಟೆಯ ಚೀಲಕ್ಕೆ ಹೋಗುತ್ತಿದ್ದವು. ಸುತ್ತ ಕೂತವರೆಲ್ಲ ಇದ್ದಕ್ಕಿದ್ದಂತೆ ತುಂಬ ಕೆಲಸವಿದ್ದವರಾಗಿದ್ದರು. ಅವನೂ ತಲೆ ತಗ್ಗಿಸಿ ಹೋಗುವವನಿದ್ದ. “ಸರ್,” ಎಂದಳು ಅವಳು, “ಅ ಎಲ್ಲಿ ಹೋಯ್ತು?” ಅವನು ಸಂಪಾದಕರ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದ. ಅವಳು ಆ ಕಡೆ ನೋಡಲೂ ಇಲ್ಲ. “ಅವರಿಗೆ ಆ ಸಾಫ್ಟ್‌ವೇರ್‌ನಲ್ಲಿ ಒಂದಕ್ಷರ ಅಳಿಸೋಕೂ ಬರಲ್ಲ ಸರ್. ಮೂರು ಕಡೆ ಹುಡುಕಿ ತೆಗೆದಿದಾರೆ. ಅಷ್ಟು ಶ್ರದ್ಧೆ ಇರೋರು ಇಲ್ಲಿ ಒಬ್ಬರೇ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲ ಹೆಗಲಿಗೇರಿಸಿ ಹೋದಳು.

ಅವನು ಕೂತ. ಮೊದಲ ಕೆಲಸ ಯಾವತ್ತಿನಂತೆ ನಾಲ್ಕನೆಯ ಪುಟದ ತಳದಲ್ಲಿ ಬರುವ ‘ತಿದ್ದಿ ಓದಿಕೊಳ್ಳಿ’ ಚೌಕ. ಅದು ಪೂರ್ತಿ ಅವನದೇ ರಾಜ್ಯ. ಹಿಂದಿನ ದಿನದ ತಪ್ಪುಗಳನ್ನು ಹುಡುಕಿ ಅಲ್ಲಿ ಒಪ್ಪಿಸುವುದು: ಕ್ರೀಡಾಕೂಟದಲ್ಲಿ ಗೆದ್ದವಳ ಊರು, ನಿಧನರಾದವರ ವಯಸ್ಸು, ಫೋಟೋದಲ್ಲಿ ಎಡಬಲ. ಕಣ್ತಪ್ಪಿನಿಂದ ಹೀಗೆ ಪ್ರಕಟವಾಗಿದೆ, ಹೀಗೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ. ‘ಕಣ್ತಪ್ಪಿನಿಂದ’ ಎಂಬ ಪದ ಬೆರಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ‘ಕ’ ಒತ್ತಿದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಈ ಊರಿನಲ್ಲಿ ಇಷ್ಟು ನಿಯಮವಾಗಿ ತಪ್ಪು ಒಪ್ಪಿಕೊಳ್ಳುವ ಸಂಸ್ಥೆ ಇನ್ನೊಂದಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಇವತ್ತು ಎರಡು ಸಾಲು ಬರೆದ. ಕ್ರಿಕೆಟ್ ಆಟಗಾರನೊಬ್ಬನ ಹೆಸರಿಗೆ ದೀರ್ಘ ಬಿಟ್ಟುಹೋಗಿದೆ. ಬಸ್ಸಿನ ಹೊಸ ವೇಳಾಪಟ್ಟಿಯಲ್ಲಿ ಬುಧವಾರ ಎಂದಿರುವುದು ಗುರುವಾರ. ಬರೆದು ಓದಿದ. ನಿನ್ನೆ ಸಂಜೆ ಬಾಟಲಿ ಹೀರುತ್ತಿದ್ದ ಪಾಪುವಿನ ಕಾಲ ಬೆರಳುಗಳು ಮಡಚಿ ಬಿಚ್ಚಿ ಮಡಚಿ ಆಡುತ್ತಿದ್ದ ವಿಡಿಯೋ ಅಕ್ಕ ಕಳಿಸಿದ್ದಳು. ಸ್ಪಷ್ಟವಾಗಿ ಕಾಣಲೆಂದು ಅವನು ಅದನ್ನು ದೊಡ್ಡದು ಮಾಡಿಕೊಂಡು ನೋಡಿದ್ದ. ಅವನು ದೀರ್ಘದ ಮೇಲೆ ಕೈಯಿಟ್ಟು ಹಾಗೇ ಕೂತಿದ್ದನ್ನು ನೋಡಿ ಪುಟ ಕಟ್ಟುವ ಹುಡುಗಿ, “ಸರ್, ಹುಷಾರಿಲ್ವಾ?” ಎಂದಳು. “ಸ್ವಲ್ಪ ಹೊರಗೆ ಹೋಗಿ ಬರ್ತೀನಿ,” ಎಂದ. ಇಪ್ಪತ್ತಾರು ವರ್ಷದಲ್ಲಿ ಪುಟ ಕಳಿಸುವ ಮೊದಲು ಹೊರಗೆ ಹೋದದ್ದು ಇದೇ ಮೊದಲು. ಅವಳು ಗಡಿಯಾರ ನೋಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದೆ ಕೂತವನೊಬ್ಬ ಅವರದೇ ಪತ್ರಿಕೆ ಹಿಡಿದಿದ್ದ, ನಾಲ್ಕು ಮಡಿಕೆ ಮಾಡಿ. ಮೂರನೆಯ ಪುಟ ಅರ್ಧ ಕಾಣುತ್ತಿತ್ತು. ಆ ಅರ್ಧದಲ್ಲಿ ‘ಯೋಗ್ಯ’ ಇತ್ತು. ಆ ಮನುಷ್ಯನ ಹೆಗಲು ತಟ್ಟಿ ಹೇಳಿಬಿಡಲೇ? ಏನೆಂದು? ಸ್ವಾಮಿ, ಅಲ್ಲೊಂದು ಅ ಇದೆ ಎಂದುಕೊಳ್ಳಿ. ಅಕ್ಕ ಅವನಿಗೆ ಕಲಿಸಿದ ಮೊದಲ ಅಕ್ಷರ ಅದು, ಎಲ್ಲರಿಗೂ ಅದೇ ಮೊದಲು, ಅದರಲ್ಲೇನು ವಿಶೇಷ. ಆದರೂ ಸ್ಲೇಟಿನ ಮೇಲೆ ಅವನ ಕೈಯ ಮೇಲೆ ಅವಳ ಕೈ. ಅವಳಿಗೇ ಆಗ ಹತ್ತು ವರ್ಷ. ಬೆರಳು ನೋಯುವಷ್ಟು ಒತ್ತಿ ಹಿಡಿಯುತ್ತಿದ್ದಳು. ಸುತ್ತಿ ತಂದು, ಇಲ್ಲಿ ಬಾಲ, ಬಾಲ ಬಿಟ್ಟರೆ ಅದು ಅ ಅಲ್ಲ ಕಣೋ, ಬರೀ ಸುರುಳಿ. ಎಷ್ಟು ಸಲ ಬರೆಸಿದಳು. ಅಳಿಸುವಾಗ ಮಾತ್ರ, “ಪೂರ್ತಿ ಅಳಿಸಬೇಡ, ಸ್ವಲ್ಪ ಕಾಣಲಿ, ಅದರ ಮೇಲೇ ತಿದ್ದು,” ಎನ್ನುತ್ತಿದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದ. “ತೊಟ್ಟಿ,” ಎಂದ ಅವನು. “ತೊಟ್ಟಿ ಸ್ಟಾಪು,” ಎಂದು ತಿದ್ದಿಕೊಂಡ.

ಅಕ್ಕನ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಅಷ್ಟು ಚಪ್ಪಲಿ ಒಂದು ಮನೆಯ ಮುಂದೆ ಯಾವಾಗ ಸೇರುತ್ತವೆ? ಕೂಸಿಗೆ ಏನೋ ಆಗಿದೆ. ಒಳಗಿಂದ ಮಾತು ಕೇಳಿಸುತ್ತಿತ್ತು, ಅಳು ಇರಲಿಲ್ಲ. ಅವನು ಹೊಸಿಲು ದಾಟಲಾಗದೆ ಕಿಟಕಿಯ ಕಂಬಿ ಹಿಡಿದು ನಿಂತ. ಕಿಟಕಿಯ ಕಟ್ಟೆಯ ಮೇಲೆ ಹಾಲಿನ ಬಾಟಲಿ ಇತ್ತು, ತಳದಲ್ಲಿ ಬೆರಳಗಲ ಬಿಳಿ. ಆಗ ಅಕ್ಕ ಪಾಪುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಪಾಪು ಅವಳ ಕಿವಿಯೋಲೆ ಹಿಡಿದು ಜಗ್ಗುತ್ತಿದ್ದ. “ಬಂದೆಯಾ? ಫೋನ್ ಮಾಡೋಣ ಅಂತಿದ್ದೆ. ಬಾ ಬಾ, ಎಲ್ಲ ನಿನ್ನ ಮಾತೇ ಆಡ್ತಿದೀವಿ,” ಎಂದಳು. ಅವಳ ಮುಖದಲ್ಲಿ ಅವನು ಎಣಿಸಿದ ಯಾವುದೂ ಇರಲಿಲ್ಲ. ಹೆಮ್ಮೆ ಇತ್ತು. ಅದರಿಂದ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. “ಪಾಪುಗೆ ಹಾಲು…” ಎಂದ. “ಈಗಿನದು ಕುದಿಸಿದ ನೀರಲ್ಲೇ ಕೊಟ್ಟಿದೀನಿ ಕಣೋ, ಒಳಗೆ ಬಾ.”

ಅಕ್ಕನ ನಡುಮನೆಯಲ್ಲಿ ದಿನವೂ ಹತ್ತು ಗಂಟೆಗೆ ಪತ್ರಿಕೆ ಓದುವ ಕೂಟ ನಡೆಯುತ್ತದೆಂದು ಅವನಿಗೆ ಗೊತ್ತಿತ್ತು. ನಿವೃತ್ತಿಯಾದ ಟೀಚರಮ್ಮ ಒಬ್ಬರು ನಡೆಸುತ್ತಿದ್ದರು. ‘ಪೇಪರ್ ಓದೋಕೂ ಟ್ಯೂಷನ್ನಾ ಅಕ್ಕ?’ ಎಂದು ಅವನೇ ಎಷ್ಟೋ ಸಲ ಮೂಗು ಮುರಿದಿದ್ದ. ಈಗ ಮಧ್ಯಾಹ್ನ ಮೂರಾಗಿದ್ದರೂ ಕೂಟ ಎದ್ದಿರಲಿಲ್ಲ. ಏಳೆಂಟು ಮಂದಿ ಚಾಪೆಯ ಮೇಲೆ, ನಡುವೆ ಹರಡಿದ ಮೂರನೆಯ ಪುಟ. ಗೋಡೆಗೊರಗಿ ಕಾಲು ಮಡಚಿ ಕೂತವಳು ವರದಿಗಾರ್ತಿ, ಪಕ್ಕದಲ್ಲಿ ಅದೇ ಬಟ್ಟೆಯ ಚೀಲ. ಅವನನ್ನು ನೋಡಿ ಅವಳು ತಲೆ ತಗ್ಗಿಸಿದಳು. ಟೀಚರಮ್ಮ ಎದ್ದು ನಿಂತು ಕೈಮುಗಿದರು. ಎಪ್ಪತ್ತರ ಮುದುಕಿ ತನಗೆ ಎದ್ದು ನಿಂತದ್ದು ನೋಡಿ ಅವನು ಗಲಿಬಿಲಿಯಾಗಿ ತಾನೂ ಕೈಮುಗಿದ, ಕೂರಲು ಜಾಗ ಹುಡುಕಿದ, ಯಾರದೋ ನೀರಿನ ಲೋಟ ಒದ್ದ.

ಅಕ್ಕ ಮಾತಿಗಾಗಿ ಕಾದೇ ಇದ್ದಳು. “ಬೆಳಿಗ್ಗೆ ನಾನೇ ಗಟ್ಟಿಯಾಗಿ ಓದಿದೆ, ನೀರು ಸರಿಯಾಗಿದೆ, ಇನ್ನು ಕುದಿಸೋದು ಬೇಡ ಅಂತ. ಟೀಚರಮ್ಮ ಕೇಳಿದ್ರು, ನೀರು ಕುಡಿಯೋಕೆ ಯೋಗ್ಯ ಅನ್ನೋದು ಸುದ್ದಿ ಹೇಗಾಗುತ್ತೆ? ಇವತ್ತು ಸೂರ್ಯ ಪೂರ್ವದಲ್ಲಿ ಹುಟ್ಟಿದ ಅಂತ ಯಾರಾದ್ರೂ ಹೆಡ್ಡಿಂಗ್ ಹಾಕ್ತಾರಾ? ನಮಗೆಲ್ಲ ಹೌದಲ್ಲ ಅನ್ನಿಸ್ತು. ಆಮೇಲೆ ಒಳಗೆ ಓದಿದ್ರೆ ಪರೀಕ್ಷೆ ಮಾಡಿದ ತಾರೀಕಿಲ್ಲ, ಎಷ್ಟಿರಬೇಕಿತ್ತು ಎಷ್ಟಿದೆ ಅನ್ನೋದಿಲ್ಲ. ಇವರು,” ಎಂದು ಪಕ್ಕದ ಮನೆಯ ದರ್ಜಿಯನ್ನು ತೋರಿಸಿದಳು, “ಇವರು ಹೆಡ್ಡಿಂಗ್ ನೋಡಿ, ಇಲ್ಲಿ ಹೊಲಿಗೆ ಬಿಚ್ಚಿದೆ ಅಂದ್ರು.” ದರ್ಜಿ ಸಂಕೋಚದಿಂದ ಕೊರಳಲ್ಲಿದ್ದ ಟೇಪು ಮುಟ್ಟಿಕೊಂಡರು. “ಅಳೆದೆ ಅಷ್ಟೇ. ಬೇರೆ ಪದಗಳ ಮಧ್ಯೆ ಒಂದೇ ಅಳತೆ, ಇಲ್ಲಿ ಮಾತ್ರ ಎರಡರಷ್ಟು. ಏನೋ ಬಿಚ್ಚಿ ತೆಗೆದ ಹಾಗಿತ್ತು,” ಎಂದರು. “ಏನು ಕೂರುತ್ತೆ ಆ ಜಾಗದಲ್ಲಿ ಅಂತ ಒಂದೊಂದೇ ಅಕ್ಷರ ಇಟ್ಟು ನೋಡೋಕೆ ಹೊರಟ್ವಿ,” ಎಂದಳು ಅಕ್ಕ, “ಮೊದಲನೇ ಅಕ್ಷರಕ್ಕೇ ಸಿಕ್ಕಿಬಿಡ್ತು.” ಎಲ್ಲರೂ ನಕ್ಕರು. ಹೆಸರು ಹುಡುಕಿ ವರದಿಗಾರ್ತಿಗೆ ಫೋನ್ ಮಾಡಿದ್ದು, ಅವಳು ಪ್ರಯೋಗಾಲಯದ ಕಾಗದವನ್ನೇ ತಂದು ಕೈಗೆ ಕೊಟ್ಟದ್ದು, ಮೂರು ಬೀದಿಗೆ ಸುದ್ದಿ ಹೋಗಿದ್ದು, ನಾಳೆ ಎಲ್ಲರೂ ಸಹಿ ಹಾಕಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಕೇಳಲು ಹೋಗುವುದು, ಎಲ್ಲ ಹೇಳಿದಳು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟಳು, ಐವತ್ತು ದಾಟಿದವನ ಬೋಳು ತಲೆಯ ಮೇಲೆ, ಎಲ್ಲರ ಎದುರಿಗೆ. “ನಾನು ಆಗಲೇ ಹೇಳಿದೆ. ನನ್ನ ತಮ್ಮ ಇಷ್ಟು ವರ್ಷದಲ್ಲಿ ಒಂದು ಸಂದು ಬಿಟ್ಟವನಲ್ಲ. ಅವನ ಬಾಯಿ ಕಟ್ಟಿರಬೇಕು, ಕೈ ಕಟ್ಟೋಕಾಗಲಿಲ್ಲ. ನಮಗೆ ತಿಳೀಲಿ ಅಂತಲೇ ಜಾಗ ಬಿಟ್ಟಿದಾನೆ. ಬೆಳಿಗ್ಗೆ ಫೋನಲ್ಲಿ ಬರೀ ಹ್ಞೂಂ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಪಕ್ಕದಲ್ಲಿ ಯಾರೋ ಇದ್ದರು ಅನ್ಸುತ್ತೆ.”

ಹ್ಞೂಂ ಎಂದರೆ ಮುಗಿಯುತ್ತಿತ್ತು. ಯಾರಿಗೇನು ನಷ್ಟ? ಕೂಸು ಉಳಿಯಿತು, ಬೀದಿ ಉಳಿಯಿತು, ಅಕ್ಕನಿಗೆ ಒಬ್ಬ ಧೀರ ತಮ್ಮ ಸಿಕ್ಕ. ನಿಜವಾಗಿಯೂ ತಾನು ಬೇಕೆಂದೇ ಬಿಟ್ಟಿದ್ದರೆ? ಹೆಬ್ಬೆರಳಿಗೆ ಗೊತ್ತಿದ್ದದ್ದು ತನಗೆ ಗೊತ್ತಿರದೆ ಇದ್ದಿರಬಹುದು. ಒಳಗಿನ ಎರಡನ್ನು ಅಷ್ಟು ಶುದ್ಧವಾಗಿ ಅಳಿಸಿದ ಕೈ ಹೆಡ್ಡಿಂಗಿನಲ್ಲಿ ಯಾಕೆ ತಡವರಿಸಿತು? ಅವನು ಆ ಸಂಜೆಯನ್ನು ಮತ್ತೆ ಮತ್ತೆ ತಿರುವಿ ನೋಡಿದ, ಜೇಬಿನಲ್ಲಿ ಬೀಗದ ಕೈ ಹುಡುಕುವವನಂತೆ. ಸಿಕ್ಕಿದ್ದು ಒಂದೇ: ಅಯೋಗ್ಯ ಎಂಬುದನ್ನು ಕಂಡಾಗ ಕೈ ನಡುಗಿತ್ತು. ನಡುಕಕ್ಕೆ ಧೈರ್ಯ ಎಂದು ಹೆಸರಿಡುವುದೂ ಒಂದಕ್ಷರ ತೆಗೆದ ಹಾಗೆಯೇ. ವರದಿಗಾರ್ತಿ ಚಾಪೆಯ ಎಳೆ ಕೀಳುತ್ತ ಕೂತಿದ್ದಳು. ಇವಳಿಗೆ ಗೊತ್ತು, ಆದರೂ ಅಕ್ಕ ಇಷ್ಟು ಹೊಗಳುವಾಗ ಬಾಯಿಬಿಟ್ಟಿಲ್ಲ. ತನ್ನ ಮಾನ ಇವಳ ಮೌನದಲ್ಲಿ ಉಳಿದಿದೆ. ಮೂರು ಅಕ್ಷರ ಕಿತ್ತವನ ಮಾನ.

“ಯಾರೂ ಇರಲಿಲ್ಲ ಅಕ್ಕ,” ಎಂದ.

“ಏನು?”

“ಬೆಳಿಗ್ಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ. ನೀರು ಸರಿಯಿಲ್ಲ ಅಂತ ಗೊತ್ತಿತ್ತು. ಆದ್ರೂ ಹ್ಞೂಂ ಅಂದೆ.” ಅವನ ದನಿ ತೀರಾ ಸಣ್ಣಗಿತ್ತು. “ಸಂದು ನಾನು ಬೇಕಂತ ಬಿಟ್ಟದ್ದಲ್ಲ. ಕೈತಪ್ಪಿ ಆಗಿದ್ದು. ಆ ಅಕ್ಷರ ತೆಗೆದದ್ದು ಮಾತ್ರ ಕೈತಪ್ಪಿ ಅಲ್ಲ.”

ಅಕ್ಕ ಅವನ ತಲೆಯ ಮೇಲಿಂದ ಕೈ ತೆಗೆದಳು. ಪಾಪುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಕೂಟದವರು ಪುಟ ನೋಡಿದರು, ಕಿಟಕಿ ನೋಡಿದರು, ದರ್ಜಿ ಟೇಪನ್ನು ಸುತ್ತಿ ಸುತ್ತಿ ಸಣ್ಣದು ಮಾಡಿದರು. “ಎಂಟು ಗಂಟೆಗೆ ಒಂದು ಬಾಟಲಿ ಕುದಿಸದೆ ಕೊಟ್ಟೆ,” ಎಂದಳು ಅಕ್ಕ, ಯಾರಿಗೂ ಅಲ್ಲ ಎಂಬಂತೆ. “ನೀನು ಹ್ಞೂಂ ಅಂದೆಯಲ್ಲ ಅಂತ. ಎರಡನೇ ಬಾಟಲಿ ಹೊತ್ತಿಗೆ ಟೀಚರಮ್ಮ ಬಂದಿದ್ರು.” ಅವನು ಪಾಪುವನ್ನು ನೋಡಿದ. ಪಾಪು ಅವನ ಕನ್ನಡಕಕ್ಕೆ ಕೈಚಾಚಿದ. “ಡಾಕ್ಟರಿಗೆ ತೋರಿಸಿದೆ. ಏನೂ ಆಗಿಲ್ಲ, ಎರಡು ದಿನ ನೋಡ್ಕೊಳ್ಳಿ ಅಂದ್ರು.” ಆಮೇಲೆ ಅವಳು ಅವನ ಮುಖ ನೋಡಿ, ಬಾಯಿ ತುಂಬ, ಮೊದಲಕ್ಷರವನ್ನು ಎಳೆದು ಹೇಳಿದಳು: “ಅಯೋಗ್ಯ.”

ಅಪ್ಪ ಹೇಳಿದಾಗ ಆ ಪದ ಮುಖಕ್ಕೆ ಬಾಗಿಲು ಹಾಕಿದಂತೆ ಇರುತ್ತಿತ್ತು. ಅಕ್ಕ ಹೇಳಿದ್ದರಲ್ಲಿ ಮುಚ್ಚಿದ್ದೇನೂ ಇರಲಿಲ್ಲ. ಅವನಿಗೆ ಅಳು ಬಂತು, ಅತ್ತ, ಅಷ್ಟು ಜನರ ಎದುರಿಗೆ ಮೂಗು ಒರೆಸಿಕೊಳ್ಳುತ್ತ. ನಾಚಿಕೆಯಾಯಿತು, ಬೆಳಗಿನ ಎರಡು ನಾಚಿಕೆಗಿಂತ ಇದು ಹಗುರವಾಗಿತ್ತು. ಎಲ್ಲೋ ಹೋಗಿದ್ದ ಅಕ್ಷರ ಪೂರ್ತಿಯಾಗಿ, ಬಾಲ ಸಮೇತ, ಯಾರೋ ಉಚ್ಚರಿಸಿ ಕೇಳಿಸಿದ ಹಾಗಾಯಿತು. “ಅತ್ತಿದ್ದು ಸಾಕು,” ಎಂದಳು ಅಕ್ಕ. “ನನ್ನ ಹತ್ರ ಹೇಳಿ ಏನಾಯ್ತು? ಈ ಪೇಪರ್ ಈ ಮೂರು ಬೀದಿಗೆ ಮಾತ್ರ ಬರುತ್ತಾ? ಎಲ್ಲರ ಮನೇಲೂ ಟೀಚರಮ್ಮ ಇರ್ತಾರಾ? ಹೋಗು, ಕಿತ್ತಿದ್ದನ್ನ ಅದರ ಜಾಗಕ್ಕೆ ಇಟ್ಟು ಬಾ.” ಅವನು ಎದ್ದ. ಬಾಗಿಲವರೆಗೆ ಬಂದ ವರದಿಗಾರ್ತಿ, “ವಾರಕ್ಕೊಂದು ಹಾಳೆ ತರೋಣ ಅಂತಿದೀನಿ ಸರ್, ನಾನೇ. ಕರಡು ನೋಡೋಕೆ ಯಾರೂ ಇಲ್ಲ,” ಎಂದಳು. “ನನ್ನನ್ನ ಕೇಳ್ತಿದೀಯಾ?” ಎಂದ. “ಮೂರು ಕಡೆ ಹುಡುಕೋರು ಬೇಕು,” ಎಂದಳು. ನಗುತ್ತಿದ್ದಾಳೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಚಪ್ಪಲಿ ಅದಲುಬದಲು ಮೆಟ್ಟಿ ಹೊರಟವನು ತಿರುವಿನಲ್ಲಿ ನಿಂತು ಸರಿಮಾಡಿಕೊಂಡ.

ಐದೂವರೆಗೆ ಕಚೇರಿಗೆ ಬಂದು ನಾಲ್ಕನೆಯ ಪುಟ ತೆರೆದ. ಬರೆಯಲು ಕೂತರೆ ಬೆರಳು ತನ್ನಷ್ಟಕ್ಕೆ ತಾನೇ ಹೊರಟಿತು: ನಿನ್ನೆಯ ಸಂಚಿಕೆಯಲ್ಲಿ ಕಣ್ತಪ್ಪಿನಿಂದ. ನಿಲ್ಲಿಸಿದ. ಇಷ್ಟು ವರ್ಷ ಇಲ್ಲಿ ಒಪ್ಪಿಕೊಂಡ ತಪ್ಪುಗಳೆಲ್ಲ ಕಣ್ಣಿನವೇ. ಕೈ ಮಾಡಿದ್ದಕ್ಕೆ ಈ ಚೌಕದಲ್ಲಿ ಪದವೇ ಇರಲಿಲ್ಲ. ‘ತೆಗೆಯಲಾಗಿತ್ತು’ ಎಂದು ಬರೆದ. ಅದನ್ನೂ ನೋಡಿದ. ಯಾರು ತೆಗೆದದ್ದು? ‘ಲಾಗಿತ್ತು’ ಎಂದರೆ ಸಾಕು, ಮಾಡಿದವನು ವಾಕ್ಯದ ಹಿಂಬಾಗಿಲಿನಿಂದ ಆಚೆ. ಪತ್ರಿಕೆ ತುಂಬ ಅವೇ: ಹೇಳಲಾಗಿದೆ, ನಿರ್ಧರಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಇಂಥ ಎಷ್ಟು ‘ಲಾಗಿದೆ’ಗಳಿಗೆ ಒತ್ತಕ್ಷರ ಸರಿಯಿದೆಯೇ ಎಂದು ಮಾತ್ರ ನೋಡಿ ಮುಂದೆ ಹೋಗಿದ್ದಾನೋ. ಅಳಿಸಿ, ಬೇಗ ಬೇಗ, ತನ್ನ ಧೈರ್ಯ ಆರುವ ಮೊದಲು ಬರೆದ:

“ನಿನ್ನೆಯ ಸಂಚಿಕೆಯ ಮೂರನೆಯ ಪುಟದಲ್ಲಿ ‘ತೊಟ್ಟಿ ನೀರು ಕುಡಿಯಲು ಯೋಗ್ಯ’ ಎಂದು ಪ್ರಕಟವಾಗಿದೆ. ಪ್ರಯೋಗಾಲಯದ ವರದಿಯಲ್ಲಿ ಇದ್ದದ್ದು ‘ಅಯೋಗ್ಯ’. ಇದು ಕಣ್ತಪ್ಪಲ್ಲ. ಆ ಅಕ್ಷರವನ್ನು ತೆಗೆದದ್ದು ಈ ಪತ್ರಿಕೆಯ ಕರಡು ತಿದ್ದುವವನು. ನೀರು ಶುದ್ದವೆಂದು ಮರುಪರೀಕ್ಷೆಯಲ್ಲಿ ತಿಳಿಯುವವರೆಗೆ ದಯವಿಟ್ಟು ಕುದಿಸಿಯೇ ಕುಡಿಯಿರಿ.”

ಪುಟ ಕಟ್ಟುವ ಹುಡುಗಿ ಓದಿ, ಅವನ ಮುಖ ನೋಡಿ, ಕ್ರಿಕೆಟ್ ಆಟಗಾರನ ದೀರ್ಘವನ್ನು ಕೆಳಕ್ಕೆ ತಳ್ಳಿ ಇದಕ್ಕೆ ಜಾಗ ಮಾಡಿಕೊಟ್ಟಳು. ಹಾಗೇ ಕಳಿಸಿಬಿಡಬಹುದಿತ್ತು. ಆ ಚೌಕವನ್ನು ಕಚೇರಿಯಲ್ಲಿ ಬೇರೆ ಯಾರೂ ನೋಡುವುದಿಲ್ಲ. ಅವನು ಒಂದು ಪ್ರತಿ ಮುದ್ರಿಸಿಕೊಂಡು ಸಂಪಾದಕರ ಕೋಣೆಗೆ ಹೋದ. ಅವರು ಬೆನ್ನಿಗೆ ದಿಂಬು ಸರಿಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು. “ನಾನು ನಾಲ್ಕನೇ ಪುಟ ನೋಡೋದಿಲ್ಲ. ನಿಮಗೆ ಗೊತ್ತಲ್ಲ,” ಎಂದರು.

“ಗೊತ್ತು ಸರ್. ಅದಕ್ಕೇ ತೋರಿಸೋಕೆ ಬಂದೆ.”

“ನಾಳೆ ನಿಮ್ಮ ಕೆಲಸ ಉಳಿಸೋಕೆ ನನ್ನಿಂದ ಆಗದೆ ಹೋಗಬಹುದು.”

“ಹ್ಞೂಂ ಸರ್,” ಎಂದ. ಈ ಹ್ಞೂಂ ಬಾಯಿಂದ ಸಲೀಸಾಗಿ ಬಂತು.

ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಸಂಪಾದಕರು ಯಾರದೆಂದು ನೋಡಿ ಅದನ್ನು ಬೋರಲು ಹಾಕಿದರು. ಅದು ಅಲ್ಲೇ ನಡುಗುತ್ತಿತ್ತು. ಅವರು ಪೆನ್ಸಿಲ್ ತೆಗೆದುಕೊಂಡು ‘ಈ ಪತ್ರಿಕೆಯ ಕರಡು ತಿದ್ದುವವನು’ ಎಂಬುದನ್ನು ಗೀಟೆಳೆದು ಹೊಡೆದುಹಾಕಿದರು. ಇಷ್ಟೇ, ಮತ್ತೆ ಯಾರೂ ಮಾಡದ ತಪ್ಪಾಯಿತು ಎಂದುಕೊಂಡ. ಅವರು ಮೇಲೆ ಒಂದೇ ಪದ ಬರೆದು ಕಾಗದ ತಿರುಗಿಸಿ ಕೊಟ್ಟರು: ‘ನಾವು’. “ಒಬ್ಬರೇ ತೆಗೆದದ್ದಲ್ಲವಲ್ಲ,” ಎಂದರು. ಬೆನ್ನು ನೋಯುತ್ತಿತ್ತೇನೋ, ಮುಖ ಗೋಡೆಯ ಕಡೆ ಮಾಡಿಕೊಂಡರು.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನ್ ಬಂತು. ಅವನು ಎತ್ತಿದ. ಪಾಪು ಏನನ್ನೋ ಬಡಿಯುತ್ತಿದ್ದ ಸದ್ದು ಮೊದಲು ಕೇಳಿಸಿತು, ತಟ್ಟೆಯೋ ಡಬ್ಬವೋ, ಗಟ್ಟಿಮುಟ್ಟಾದ ಸದ್ದು. “ನಾಲ್ಕನೇ ಪುಟ ಓದಿದೆ,” ಎಂದಳು ಅಕ್ಕ. “ಕನ್ನಡಕ ಹಾಕ್ಕೊಂಡು ಓದಿದೆ. ತೆಗೆದದ್ದು ನಾವು ಅಂತ ಇದೆ. ನಾವು ಅಂದ್ರೆ ಯಾರೋ?”

“ನಾನು. ಇನ್ನೂ ಒಬ್ಬರು.”

“ಹ್ಞೂಂ,” ಎಂದಳು ಅಕ್ಕ. ಆಮೇಲೆ ಅವಳ ದನಿಯಲ್ಲಿ ಹತ್ತು ವರ್ಷದ ಆ ಹುಡುಗಿ ಬಂದು ಕೂತಂತಿತ್ತು. “ಒಂದು ತಪ್ಪು ಉಳಿದಿದೆ ಕಣೋ. ನೀರು ಶುದ್ಧ ಅನ್ನೋದಕ್ಕೆ ಮಹಾಪ್ರಾಣ ಬಿಟ್ಟಿದೀಯ.”

ಅವನು ಪತ್ರಿಕೆ ಎಳೆದುಕೊಂಡು ನೋಡಿದ. ಹೌದು, ಶುದ್ದ. ಇಪ್ಪತ್ತಾರು ವರ್ಷ ಯಾವ ಒತ್ತಿಗಾಗಿ ಜಗಳವಾಡಿ ಹೆಸರು ಗಳಿಸಿದ್ದನೋ ಅದೇ ಒತ್ತು, ಊರೆಲ್ಲ ಓದುವ ಚೌಕದಲ್ಲಿ, ತನ್ನದೇ ಕೈಯಲ್ಲಿ, ಹೋಗಿತ್ತು. ಬೇಗ ಬೇಗ ಬರೆದಿದ್ದ. ನಾಚಿಕೆಗಾಗಿ ಕಾದ, ಬಂದದ್ದು ನಗು. ಅಕ್ಕನೂ ನಗುತ್ತಿದ್ದಳು, ಪಾಪು ಬಡಿಯುತ್ತಲೇ ಇದ್ದ.

“ಇದು ಕಣ್ತಪ್ಪು ಅಕ್ಕ,” ಎಂದ. “ನಾಳೆ ತಿದ್ದಿ ಹಾಕ್ತೀನಿ.”